ಸಹಾಯ ಬೇಕು: ಬುಕ್ಕರಾಯನ ಶಾಸನದ ‘ದರ್ಶನ’ಕ್ಕೆ ಇಂಗ್ಲಿಷ್‌ನಲ್ಲಿ ಏನು ಹಾಕೋದು?

ವಿಜಯನಗರದ ರಾಜ ಬುಕ್ಕರಾಯ ಜೈನರ, ವೈಷ್ಣವರ ಜಗಳ ತೀರಿಸಿ ಹಾಕಿಸಿದ ಶ್ರವಣಬೆಳಗೊಳದ 1368ರ ಶಾಸನವನ್ನು ತೌಲನಿಕ ಧರ್ಮ ಅಧ್ಯಯನದ ಪಾಠಕ್ಕೆ ಇಂಗ್ಲಿಷಿಗೆ ತರ್ತಾ ಇದ್ದೀವಿ. ‘ಜೈನ ದರ್ಶನ’ ಅನ್ನೋ ಒಂದೇ ಪದದಲ್ಲಿ ಕೆಲಸ ನಿಂತಿದೆ.

‘ಫಿಲಾಸಫಿ’ ಹಾಕಿ ನೋಡಿದ್ವಿ, ಅರ್ಥ ಕೆಡುತ್ತೆ. ಶಾಸನದಲ್ಲಿ ಜೈನ ದರ್ಶನಕ್ಕೆ ಸಲ್ಲೋದು ಪಂಚಮಹಾವಾದ್ಯ (ಗೌರವಕ್ಕೆ ನುಡಿಸೋ ಐದು ವಾದ್ಯ), ಕಳಶ. ಅವು ಜನರ ಮರ್ಯಾದೆಗೆ ಸೇರಿದ್ದು, ಸಿದ್ಧಾಂತಕ್ಕಲ್ಲ. ‘ರಿಲಿಜನ್’ ಅಂದ್ರೆ ಇವತ್ತಿನ ಜನಗಣತಿಯ ಕಾಲಂ ಕಣ್ಮುಂದೆ ಬರುತ್ತೆ. ‘ಕಮ್ಯುನಿಟಿ’ ಅನ್ನೋದು ಜೈನರ ಮನೆಗೊಂದು ‘ಹಣ’ (ಆಗಿನ ನಾಣ್ಯ) ಎತ್ತಿ 20 ಕಾವಲಾಳು ಇಡೋ ಭಾಗಕ್ಕೆ ಸರಿಯಾಗಿ ಕೂರುತ್ತೆ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಅನ್ನೋ ಕಡೆ ಮಾತ್ರ ತೂಕವೇ ಹೋಗುತ್ತೆ.

14ನೇ ಶತಮಾನದ ಆಸುಪಾಸಿನ ಬೇರೆ ಕನ್ನಡ ಶಾಸನಗಳಲ್ಲಿ ‘ದರ್ಶನ’ ಹೀಗೆ ಹಕ್ಕು-ಮರ್ಯಾದೆ ಇರೋ ಜನಸಮೂಹ ಅನ್ನೋ ಅರ್ಥದಲ್ಲಿ ಬಂದಿದೆಯಾ? ಬಂದಿದ್ರೆ ಊರು, ಶಾಸನ ಸಂಖ್ಯೆ, ಆ ಸಾಲು ಹಾಕ್ತೀರಾ?