5-0 ಗೆದ್ದಾಯ್ತು, ಈಗ ಗೋವಾದ ಫತೋರ್ಡಾಕ್ಕೆ ಯಾರ ಕಾಲು ಉಳಿಸ್ಬೇಕು?

ಕೋಡಿಬಾಗ_ನೀಲಿ
29 ಮಾರ್ಚ್ 2025, ರಾತ್ರಿ 11:20

ನಾಳೆ ಯುಗಾದಿ, ನಮ್ಮನೇಲಿ ಇವತ್ತೇ ಹಬ್ಬ ಆಗೋಯ್ತು. ಇಂಡಿಯನ್ ಸೂಪರ್ ಲೀಗ್ ಫುಟ್ಬಾಲಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮುಂಬೈ ಮೇಲೆ 5-0, ಅದೂ ನಾಕೌಟಲ್ಲಿ! 9ನೇ ನಿಮಿಷಕ್ಕೆ ಸುರೇಶ್ ಹೊಡೆದಾಗ ನಾನು ಇನ್ನೂ ಊಟದ ತಟ್ಟೆ ಮುಂದೆ ಇದ್ದೆ, ಎಡ್ಗರ್ ಮೆಂಡೆಝ್ ಪೆನಾಲ್ಟಿ ಆಯ್ತು, ರಯಾನ್ ವಿಲಿಯಮ್ಸ್ ಆಯ್ತು, ಛೆಟ್ರಿ ಆಯ್ತು, ಕೊನೆಗೆ ಪೆರೆಯ್ರಾ ಡಿಯಾಝ್, ಕೈ ತೊಳೆಯೋದು ಮರ್ತೇ ಹೋಗಿತ್ತು, ಅಮ್ಮ ಬೈದ ಮೇಲೆ ಎದ್ದೆ.

ಈಗ ನನ್ನ ಪ್ರಶ್ನೆ. ಬರೀ 18 ದಿನದ ಹಿಂದೆ, ಮಾರ್ಚ್ 11ಕ್ಕೆ, ಇದೇ ಕಂಠೀರವದಲ್ಲಿ ಇದೇ ಮುಂಬೈ ಹತ್ರ ನಾವು 0-2 ಸೋತಿದ್ವಿ. ಲೀಗಿನ ಕೊನೇ ಮ್ಯಾಚ್ ಅದು. ಸೋತ್ರೂ ಮೂರನೇ ಸ್ಥಾನ ಎಲ್ಲೂ ಹೋಗಲಿಲ್ಲ, ಗೆದ್ದಿದ್ರೂ 41 ಪಾಯಿಂಟ್, ಎರಡನೇ ಸ್ಥಾನದ ಗೋವಾದವರು 48ರಲ್ಲಿ ಕೂತಿದ್ರು, ಅವರನ್ನ ಹಿಡಿಯೋ ಮಾತೇ ಇರ್ಲಿಲ್ಲ. ಅಂಥ ಮ್ಯಾಚಲ್ಲಿ ಮೇನ್ ಆಟಗಾರರನ್ನ ಒಬ್ಬರನ್ನೂ ಇಳಿಸಬಾರದು ಅಂತ ನಾನು ಆವಾಗ್ಲೇ ಚಿಕ್ಕಪ್ಪನ ಮಗನ ಹತ್ರ ವಾದ ಮಾಡಿದ್ದೆ, ಅವನು ಹೇಳೋದು ಆಡ್ತಾ ಇದ್ರೇನೇ ಕಾಲು ಓಡೋದು, ಕೂರಿಸಿದ್ರೆ ತುಕ್ಕು ಹಿಡೀತದೆ ಅಂತ. ಇವತ್ತಿನ ಗೆಲುವು ನೋಡಿ ಇಬ್ರೂ "ನಾ ಹೇಳಿರ್ಲಿಲ್ವಾ" ಅಂತಿದೀವಿ.

ಅದಕ್ಕಿಂತ ದೊಡ್ಡ ಚಿಂತೆ ಮುಂದಿಂದು. ಬುಧವಾರ 2ಕ್ಕೆ ಗೋವಾ ಜೊತೆ ಸೆಮಿಫೈನಲ್ ಮೊದಲ್ನೇದು ಬೆಂಗಳೂರಲ್ಲಿ, ಭಾನುವಾರ 6ಕ್ಕೆ ಎರಡನೇದು ಫತೋರ್ಡಾದಲ್ಲಿ. ಛೆಟ್ರಿಗೆ 40 ವರ್ಷ. ನಮ್ಮ ಲೀಗ್ ಮುಗಿದ ಮೇಲೆ ಅವನು ಸುಮ್ನೆ ಕೂತಿರ್ಲಿಲ್ಲ, ರಿಟೈರ್ಮೆಂಟ್ ವಾಪಸ್ ತಗೊಂಡು ದೇಶಕ್ಕೆ ಆಡೋಕೆ ಶಿಲ್ಲಾಂಗಿಗೆ ಹೋಗಿದ್ದ, 19ಕ್ಕೆ ಮಾಲ್ಡೀವ್ಸ್ ಜೊತೆ, 25ಕ್ಕೆ ಬಾಂಗ್ಲಾದೇಶ ಜೊತೆ. ರಾಹುಲ್ ಭೇಕೆದೂ ಅದೇ ಕತೆ. ಅಲ್ಲಿಂದ ಬಂದು ಇವತ್ತು, ಆಮೇಲೆ 2, ಆಮೇಲೆ 6. ಕೋಚ್ ಝರಗೋಝಾ ಜಾಗದಲ್ಲಿ ನೀವಿದ್ರೆ ಯಾರನ್ನ ಕೂರಿಸ್ತಿದ್ರಿ?

---

ಯಲ್ಲಾಪುರನಾಕಾ_ಶಿರಸಿ
30 ಮಾರ್ಚ್, ಬೆಳಿಗ್ಗೆ 8:05

ಯುಗಾದಿ ಶುಭಾಶಯ ತಮ್ಮ. ಇದಕ್ಕೆ ಉತ್ತರ 2019ರಲ್ಲೇ ಇದೆ, ನಾನು ಆ ಸೀಸನ್ ಒಂದು ಮ್ಯಾಚೂ ಬಿಟ್ಟವನಲ್ಲ.

ಫೆಬ್ರವರಿ 21ಕ್ಕೆ ಗೋವಾನ 3-0 ಹೊಡೆದು ಮೇಲಿನ ಸ್ಥಾನ ಗಟ್ಟಿ ಮಾಡ್ಕೊಂಡ್ವಿ. ಉಳಿದಿದ್ದು ಜಮ್ಶೆಡ್‌ಪುರದ ಮ್ಯಾಚ್ ಒಂದೇ. ಆಗಿನ ಕೋಚ್ ಕಾರ್ಲೆಸ್ ಕ್ವಾದ್ರಾತ್ ಯಾವ ಮುಲಾಜೂ ನೋಡ್ದೆ ಮೇನ್ ಆಟಗಾರರನ್ನ ಕೂರಿಸಿ ಉಳಿದವರನ್ನ ಇಳಿಸಿದ, 1-5 ಸೋತ್ವಿ. ಐದು ಗೋಲ್ ಮಾರಾಯ! ಆ ರಾತ್ರಿ ನಮ್ಮ ಗ್ರೂಪಲ್ಲಿ ಎಲ್ರೂ ಕೋಚಿಗೆ ಶಾಪ ಹಾಕಿದ್ದೇ ಹಾಕಿದ್ದು, ಹಾಕಿದವರಲ್ಲಿ ನಾನೂ ಒಬ್ಬ. ಆದ್ರೆ ಮಾರ್ಚ್ 17ಕ್ಕೆ ಮುಂಬೈಲಿ ಏನಾಯ್ತು? ಗೋವಾ ಜೊತೆ ಫೈನಲ್, 90 ನಿಮಿಷ ಗೋಲಿಲ್ಲ, ಎಕ್ಸ್‌ಟ್ರಾ ಟೈಮ್ ಮುಗೀತಾ ಬಂತು, ಎಲ್ರ ಕಾಲೂ ಹಿಡ್ಕೊಂಡಿದೆ, ಅಷ್ಟೊತ್ತಿಗೆ ನಮ್ಮ ದಿಮಾಸ್ ಕಾರ್ನರ್ ಹಾಕಿದ, ಭೇಕೆ ಎಲ್ರಿಗಿಂತ ಮೇಲೆ ಹಾರಿ ತಲೆ ಕೊಟ್ಟ. ಒಬ್ಬ ಡಿಫೆಂಡರ್ 115 ನಿಮಿಷ ದಾಟಿದ ಮೇಲೆ ಅಷ್ಟು ಎತ್ತರ ಹಾರ್ತಾನೆ ಅಂದ್ರೆ ಕಾಲಲ್ಲಿ ಜೀವ ಉಳ್ದಿತ್ತು ಅಂತ ಅರ್ಥ. ನನ್ನ ಲೆಕ್ಕದಲ್ಲಿ ಆ ಜೀವ ಉಳಿಸಿದ್ದು ಜಮ್ಶೆಡ್‌ಪುರದ ಸೋಲು.

ಅದಕ್ಕೇ ಲೆಕ್ಕಕ್ಕಿಲ್ಲದ ಮ್ಯಾಚಲ್ಲಿ ಕೂರಿಸಿ, ಸೋತ್ರೆ ಸೋಲ್ಲಿ.

---

ಕರಿಇಶಾಡ_ಅಂಕೋಲಾ
30 ಮಾರ್ಚ್, ಬೆಳಿಗ್ಗೆ 9:40

ಅಣ್ಣ, ಅರ್ಧ ಕತೆ ಹೇಳಿ ನಿಲ್ಲಿಸಿದ್ರಿ. ಜಮ್ಶೆಡ್‌ಪುರದ್ದು ಆದ ಮೇಲೆ ಸೆಮಿಫೈನಲ್ಲಿಗೆ ಗುವಾಹಟಿಗೆ ಹೋಗಿ ನಾರ್ತ್ ಈಸ್ಟ್ ಹತ್ರ 1-2 ಸೋತಿದ್ದು ಯಾಕೆ ಬಿಟ್ರಿ? ಮೇಲಿಂದ ಮೇಲೆ ಎರಡು ಸೋಲು. ವಾಪಸ್ ಬೆಂಗಳೂರಿಗೆ ಬಂದು 3-0 ಮಾಡಿದ್ರಿಂದ ಬಚಾವಾದ್ವಿ, ಆ ಮ್ಯಾಚಲ್ಲೂ 70 ನಿಮಿಷದವರೆಗೆ ಒಂದು ಗೋಲಿರ್ಲಿಲ್ಲ, ನನಗೆ ಇನ್ನೂ ನೆನಪಿದೆ ಎದೆ ಹೊಡ್ಕೊಳ್ತಿದ್ದಿದ್ದು.

ಅದೇ 2023 ನೋಡಿ. ಪ್ಲೇಆಫೇ ಸಿಗಲ್ಲ ಅಂದ್ಕೊಂಡ ಟೀಮು, ಲೀಗಿನ ಕೊನೇ ಎಂಟು ಮ್ಯಾಚು ಸಾಲಾಗಿ ಗೆದ್ಕೊಂಡು ಬಂತು. ಯಾರಿಗೂ ರೆಸ್ಟ್ ಕೊಡೋ ಪರಿಸ್ಥಿತೀನೇ ಇರ್ಲಿಲ್ಲ. ಆ ಓಟದಲ್ಲೇ ಕೇರಳ ಬ್ಲಾಸ್ಟರ್ಸ್ ಮೇಲೆ ಗೆಲುವು, ಆ ಓಟದಲ್ಲೇ ಮುಂಬೈ ಜೊತೆ 9-8 ಪೆನಾಲ್ಟಿ, ಆ ಓಟದಲ್ಲೇ ಫೈನಲ್. ಗೆದ್ದು ಅಭ್ಯಾಸ ಆದ ಟೀಮನ್ನ ಕೆಡಿಸೋಕೆ ಹೋಗಬಾರದು ಅನ್ನೋದು ನಾನು ನಮ್ಮೂರ ಗದ್ದೆಯಲ್ಲಿ ಕಲ್ತಿದ್ದು, ಕೊಯ್ಲಾದ ಮೇಲೆ ಅಲ್ಲೇ ನಮ್ಮ ಟೂರ್ನಮೆಂಟು, ಒಂದು ವರ್ಷ ಸೆಮಿ ಖಾತ್ರಿ ಆಯ್ತು ಅಂತ ನಮ್ಮ ಎರಡು ಫಾರ್ವರ್ಡ್ ಹುಡುಗ್ರನ್ನ ಕೂರಿಸಿದ್ವಿ, ಅವರು ಒಂದು ವಾರ ಬೋಟಿಗೆ ಹೋಗಿ ಬಂದ್ರು, ಸೆಮಿಫೈನಲ್ಲಲ್ಲಿ ಇಬ್ರಿಗೂ ಚೆಂಡು ಕಾಲಿಗೇ ಸಿಗ್ಲಿಲ್ಲ, ಒಬ್ಬ ಪಾಸ್ ಕೊಟ್ರೆ ಇನ್ನೊಬ್ಬ ಎರಡು ಹೆಜ್ಜೆ ಹಿಂದೆ.

ಇನ್ನೊಂದು ಮಾತು, ಇದು ಯಾರೂ ಹೇಳಲ್ಲ. ಮಾರ್ಚ್ 11ರ ಮ್ಯಾಚು ನಮಗೆ ಲೆಕ್ಕಕ್ಕಿಲ್ಲ ಸರಿ, ಒಡಿಶಾದವರಿಗೆ? ಅವರು 33 ಪಾಯಿಂಟಲ್ಲಿ ನಮ್ಮ ಮ್ಯಾಚನ್ನೇ ನೋಡ್ತಾ ಕೂತಿದ್ರು. ಮುಂಬೈ ನಮ್ಮನ್ನ ಸೋಲಿಸಿ 36 ಮಾಡ್ಕೊಂಡು ಪ್ಲೇಆಫಿನ ಕೊನೇ ಜಾಗ, ಆರನೇದು, ಹಿಡೀತು, ಒಡಿಶಾ ಮನೆಗೆ. ನಾವು ಬೇಕಂತ್ಲೇ ಬೆಂಚ್ ಟೀಮ್ ಇಳಿಸಿ ಸೋತಿದ್ರೆ ಅದು ಅವರಿಗೆ ಮಾಡಿದ ಅನ್ಯಾಯ ಆಗ್ತಿರ್ಲಿಲ್ವಾ? ನಾಳೆ ನಾವು ಏಳನೇ ಸ್ಥಾನದಲ್ಲಿ ಕೂತು ಬೇರೆಯವರ ಕೊನೇ ಮ್ಯಾಚು ನೋಡೋ ದಿನ ಬರ್ತದೆ, ಅವತ್ತು ಗೊತ್ತಾಗ್ತದೆ.

---

ಕುಮಟಾ_ಫಿಸಿಯೋ
30 ಮಾರ್ಚ್, ಮಧ್ಯಾಹ್ನ 2:15

ನಾನು ಫಿಸಿಯೋಥೆರಪಿ ಕೆಲಸದಲ್ಲಿರೋದು, ಆಟಗಾರರ ಮೊಣಕಾಲು, ತೊಡೆ ನೋಡೋದೇ ದಿನದ ಕೆಲಸ, ಅದಕ್ಕೆ ಈ ಕಡೆಯಿಂದ ಎರಡು ಮಾತು.

18 ದಿನ ಗ್ಯಾಪ್ ಇದ್ದಾಗ ರೆಸ್ಟ್ ಪ್ರಶ್ನೆ ಬರೋದೇ ಇಲ್ಲ, ಮಾರ್ಚ್ 11ಕ್ಕೆ ಪೂರ್ತಿ 90 ನಿಮಿಷ ಆಡಿದವನೂ 15ರ ಹೊತ್ತಿಗೆ ಸರಿಯಾಗಿರ್ತಾನೆ. ಒಂದು ಮ್ಯಾಚಲ್ಲಿ ಮಿಡ್‌ಫೀಲ್ಡರ್ 10 ಕಿಲೋಮೀಟರ್ ಹತ್ತಿರ ಓಡ್ತಾನೆ, ಸ್ನಾಯುವಲ್ಲಿ ಖರ್ಚಾದ ಶಕ್ತಿ ಮತ್ತೆ ತುಂಬೋಕೆ ಎರಡು ಮೂರು ದಿನ ಸಾಕು. ಭಯ ಇರೋದು ಚಿಕ್ಕ ಗ್ಯಾಪಲ್ಲಿ, 29ರಿಂದ 2ಕ್ಕೆ, 2ರಿಂದ 6ಕ್ಕೆ. ತುಂಬೋ ಮೊದ್ಲೇ ಮತ್ತೆ ಸ್ಪ್ರಿಂಟ್ ಹೊಡೆದ್ರೆ ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಹೋಗ್ತದೆ, ಅದು ಹೋದ್ರೆ ಎರಡು ಮೂರು ವಾರ, ಅಂದ್ರೆ ಸೀಸನ್ ಮುಗೀತು.

ಆಮೇಲೆ ನಮ್ಮ ಸೆಕೆ. ಬೆಂಗಳೂರಲ್ಲಿ ಸಂಜೆ ಏಳೂವರೆಗೆ ಗಾಳಿ ಒಣ ಇರ್ತದೆ, ಬೆವರು ಆರಿ ಮೈ ತಣ್ಣಗಾಗ್ತದೆ. ಏಪ್ರಿಲ್ಲಲ್ಲಿ ಗೋವಾ ಅಂದ್ರೆ ನಮ್ಮ ಕಾರವಾರ ಕುಮಟಾ ಥರವೇ, ರಾತ್ರಿಯೂ ಬೆವರು ಆರಲ್ಲ, ಅಂಗಿ ಹಿಂಡಿದ್ರೆ ನೀರು. ಬೆವರು ಆರದಿದ್ರೆ ಮೈಯ ಬಿಸಿ ಒಳಗೇ ಉಳೀತದೆ, 60 ನಿಮಿಷ ಆದ ಮೇಲೆ ಕಾಲು ಕಲ್ಲು. ಗೋವಾ ಹುಡುಗ್ರಿಗೆ ಅದು ದಿನದ ಅಭ್ಯಾಸ. ನಮ್ಮವರಿಗೆ ಬುಧವಾರ ಮ್ಯಾಚು, ಗುರುವಾರ ಮೈಕೈ ನೋವು, ಮಧ್ಯೆ ಪ್ರಯಾಣ, ಭಾನುವಾರ ಆ ಸೆಕೆ.

ರೆಸ್ಟ್ ಅಂದ್ರೆ ಮ್ಯಾಚು ಪೂರ್ತಿ ಕೂರಿಸೋದೇ ಆಗ್ಬೇಕಂತಿಲ್ಲ. 5 ಬದಲಿ ಆಟಗಾರರನ್ನ ಇಳಿಸೋಕೆ ಅವಕಾಶ ಇದೆ. ಬುಧವಾರ ಎರಡು ಗೋಲ್ ಮುಂದಿದ್ರೆ 60ನೇ ನಿಮಿಷಕ್ಕೇ ಇಬ್ರು ಮೂವರನ್ನ ಎಳೀಬೇಕು. ಛೆಟ್ರಿಯನ್ನ 90 ನಿಮಿಷಕ್ಕೆ ಅಂತ ಲೆಕ್ಕ ಹಾಕ್ಲೇಬೇಡಿ, ಯಾವ 30 ನಿಮಿಷಕ್ಕೆ ಅವನು ಬೇಕು ಅಂತ ಲೆಕ್ಕ ಹಾಕಿ.

---

ಕೋಡಿಬಾಗ_ನೀಲಿ
30 ಮಾರ್ಚ್, ಸಂಜೆ 6:30

ಡಾಕ್ಟ್ರೇ, ಸೆಕೆ ಮಾತು ನೂರಕ್ಕೆ ನೂರು ಸರಿ. 2023ರ ಫೈನಲ್ಲಿಗೆ ನಾನು ಫತೋರ್ಡಾದಲ್ಲೇ ಇದ್ದೆ. ಮಾರ್ಚ್ 18. ಎದುರಾಳಿ ಎಟಿಕೆ ಮೋಹನ್ ಬಗಾನಿನ ಪೆತ್ರಾತೋಸ್ ಪೆನಾಲ್ಟಿ, ನಮ್ಮ ಛೆಟ್ರಿ ಪೆನಾಲ್ಟಿ, 78ಕ್ಕೆ ರಾಯ್ ಕೃಷ್ಣ ತಲೆಯಲ್ಲಿ ಹೊಡೆದಾಗ ಗೆದ್ದೇ ಬಿಟ್ವಿ ಅಂತ ಪಕ್ಕದಲ್ಲಿದ್ದ ಗೊತ್ತಿಲ್ಲದವರನ್ನ ತಬ್ಕೊಂಡಿದ್ದೆ. 85ಕ್ಕೆ ಮತ್ತೆ ಅವರಿಗೆ ಪೆನಾಲ್ಟಿ, 2-2. ಅಲ್ಲಿಂದ ಮುಂದೆ ನಮ್ಮ ಹುಡುಗ್ರು ಸಾಕ್ಸ್ ಕೆಳಗೆ ಎಳ್ಕೊಂಡು ಮೀನಖಂಡ ಒತ್ಕೊಳ್ತಿದ್ದಿದ್ದು ಸ್ಟ್ಯಾಂಡಿಂದನೇ ಕಾಣ್ತಿತ್ತು. ಕೊನೆಗೆ ಪೆನಾಲ್ಟಿ ಶೂಟೌಟಲ್ಲಿ 3-4 ಸೋತ್ವಿ. ಆ ರಾತ್ರಿ ಟ್ರೈನ್ ಸಿಗ್ದೆ ಮಡಗಾಂವ್ ಸ್ಟೇಷನ್ನಲ್ಲಿ ಬೆಳಗಾಗೋವರೆಗೆ ಕೂತಿದ್ವಿ, ಒಬ್ರೂ ಮಾತಾಡ್ಲಿಲ್ಲ.

ಅಂಕೋಲಾದವರ ಮಾತೂ ಬಿಡೋಕಾಗಲ್ಲ. ಎಂಟು ಗೆಲುವಿನ ಓಟ ಆ ಟೀಮನ್ನ ಅಲ್ಲಿಯವರೆಗೆ ತಂತು, ಕೊನೇ ಹತ್ತು ನಿಮಿಷಕ್ಕೆ ಕಾಲು ಕೈ ಕೊಡ್ತು ಅಂತ ನನಗನಿಸೋದು. ಒಡಿಶಾ ವಿಷಯ ಮಾತ್ರ ನಾನು ಯೋಚನೆ ಮಾಡಿರ್ಲಿಲ್ಲ, ಅಲ್ಲಿ ನನ್ನ ವಾದ ವಾಪಸ್ ತಗೊಂಡೆ. ಬೇರೆಯವರ ಹೊಟ್ಟೆ ಮೇಲೆ ಹೊಡೆದು ನಾವು ರೆಸ್ಟ್ ತಗೊಳ್ಳೋದು ಬೇಡ.

6ಕ್ಕೆ ನಾವು ನಾಲ್ಕು ಜನ ಬೈಕಲ್ಲಿ ಹೊರಟಿದೀವಿ, ಯಾರಾದ್ರೂ ಬರೋದಿದ್ರೆ ಹೇಳಿ. ಈ ಸಲ ಟ್ರೈನ್ ನಂಬಲ್ಲ.

---

ಕರಿಇಶಾಡ_ಅಂಕೋಲಾ
3 ಏಪ್ರಿಲ್, ರಾತ್ರಿ 10:50

2-0!! ಮೊದಲ್ನೇದು ಗೋವಾದ ಸಂದೇಶ್ ಝಿಂಗನ್ ಕಾಲಿಗೆ ತಾಗಿ ಒಳಗೆ, ಎರಡನೇದು ಮೆಂಡೆಝ್. ನಿನ್ನೆ ಸಂತೋಷಕ್ಕೆ ಟೈಪ್ ಮಾಡೋಕಾಗ್ಲಿಲ್ಲ. ಗೋವಾ ಕೊನೇ ಮ್ಯಾಚ್ ಆಡಿದ್ದು ಮಾರ್ಚ್ 8ಕ್ಕೆ, 25 ದಿನ ಮ್ಯಾಚೇ ಇಲ್ಲದೆ ಬಂದಿದ್ರು. ಇವತ್ತು ನೋಡಿದ್ರೆ ಮೋಹನ್ ಬಗಾನ್ ಕೂಡ ಜಮ್ಶೆಡ್‌ಪುರದಲ್ಲಿ 1-2. ನೇರ ಸೆಮಿಫೈನಲ್ ಸಿಕ್ಕಿ ಮನೇಲಿ ಕೂತ ಎರಡೂ ಟೀಮು ಮೊದಲ ಮ್ಯಾಚು ಸೋತ್ವು, ನಾಕೌಟ್ ಆಡಿ ಮೈ ಬಿಸಿ ಮಾಡ್ಕೊಂಡು ಬಂದ ಎರಡೂ ಟೀಮು ಗೆದ್ವು. ಇನ್ನೇನು ಸಾಕ್ಷಿ ಬೇಕು?

---

ಯಲ್ಲಾಪುರನಾಕಾ_ಶಿರಸಿ
3 ಏಪ್ರಿಲ್, ರಾತ್ರಿ 11:15

ಆ ಇಬ್ರೂ ಸೋತಿದ್ದು ಎದುರಾಳಿ ಊರಲ್ಲಿ ಅನ್ನೋದನ್ನೂ ಸೇರ್ಸಿ ತಮ್ಮ. ಭಾನುವಾರ ಆಗ್ಲಿ, ಆಮೇಲೆ ಮಾತಾಡೋಣ. ಕೋಡಿಬಾಗದ ಹುಡುಗ್ರಿಗೆ ಒಂದು ಮಾತು, ಹಳೇ ಸೇತುವೆ ಆಗಸ್ಟಲ್ಲಿ ಬಿದ್ದ ಮೇಲೆ ಕಾಳಿ ನದಿ ಮೇಲೆ ಎರಡೂ ಕಡೆ ಗಾಡಿ ಒಂದೇ ಸೇತುವೇಲಿ ಹೋಗೋದು, ರಾತ್ರಿ ವಾಪಸ್ ಬರೋವಾಗ ಖುಷಿಲಿ ಓವರ್‌ಟೇಕ್ ಮಾಡ್ಬೇಡಿ.

---

ಕೋಡಿಬಾಗ_ನೀಲಿ
7 ಏಪ್ರಿಲ್, ಬೆಳಿಗ್ಗೆ 7:45

ಗಂಟಲು ಹೋಗಿದೆ, ಬೆರಳು ಇನ್ನೂ ನಡುಗ್ತಿದೆ.

49ಕ್ಕೆ ಗೋವಾದ ಬೋರ್ಜಾ ಹೊಡೆದ. ಅಲ್ಲಿಂದ ನಲವತ್ತು ನಿಮಿಷ ಹೇಗೆ ಕಳೀತು ಅಂತ ಹೇಳೋಕೇ ಬರಲ್ಲ, ಡಾಕ್ಟ್ರು ಹೇಳಿದ ಸೆಕೆ ಅಂದ್ರೆ ಅದೇ ಸೆಕೆ, ನಿಂತು ನೋಡ್ತಿದ್ದ ನಮ್ಮ ಜರ್ಸಿನೇ ಮೈಗೆ ಅಂಟಿಕೊಂಡಿತ್ತು, ಮೈದಾನದಲ್ಲಿ ಇರೋರ ಗತಿ ಏನು. 88ಕ್ಕೆ ಸಾದಿಕು. ಎರಡೂ ಮ್ಯಾಚಿನ ಗೋಲ್ ಸೇರಿಸಿ 2-2. ಫತೋರ್ಡಾ ಅಲುಗಾಡಿ ಹೋಯ್ತು, ಕಿತ್ತಳೆ ಬಣ್ಣ ಬಿಟ್ರೆ ಬೇರೇನೂ ಕಾಣಲ್ಲ. ನಾನು ತಲೆ ಮೇಲೆ ಕೈ ಇಟ್ಟು ಕೂತೆ, ಮತ್ತೆ ಎಕ್ಸ್‌ಟ್ರಾ ಟೈಮ್, ಮತ್ತೆ ಮೀನಖಂಡ ಒತ್ಕೊಳ್ಳೋದು, ಮತ್ತೆ ಮಡಗಾಂವ್ ಸ್ಟೇಷನ್ ಅಂದ್ಕೊಂಡು.

90 ದಾಟಿ ಎರಡನೇ ನಿಮಿಷ. ನಮ್ಮ ನಾಮ್ಗ್ಯಾಲ್ ಬಲಗಡೆಯಿಂದ ಕ್ರಾಸ್ ಹಾಕಿದ. ಛೆಟ್ರಿ ಮುಂದಕ್ಕೆ ಬಿದ್ದು ತಲೆ ಕೊಟ್ಟ. ಒಂದು ಕ್ಷಣ ಸ್ಟೇಡಿಯಂ ಪೂರ್ತಿ ಸದ್ದೇ ಇಲ್ಲ, ಆಮೇಲೆ ನಮ್ಮ ಮೂಲೆಯ ನೀಲಿ ಜರ್ಸಿಯವರ ಕೂಗು ಒಂದೇ. ಮ್ಯಾಚು 1-2 ಸೋತ್ವಿ, ಒಟ್ಟು 3-2, ಫೈನಲ್! ಚಿಕ್ಕಪ್ಪನ ಮಗ ಅಳ್ತಾ ಇದ್ದ, ನಾನೂ ಅತ್ತೆ.

ಬರೋವಾಗ ಪೊಳೆಂ ಚೆಕ್‌ಪೋಸ್ಟ್ ದಾಟಿ ಚಾ ಕುಡಿಯೋಕೆ ನಿಂತಾಗ್ಲೇ ಅವನು ಮತ್ತೆ ಶುರು ಮಾಡಿದ, ನೋಡು ಆಡ್ತಾ ಇದ್ದವನೇ ಹೊಡೆದಿದ್ದು ಅಂತ. ನಾನು ಹೇಳಿದೆ, ಆ ಎರಡನೇ ನಿಮಿಷಕ್ಕೆ ಅಂತ ಕಾಲು ಉಳಿಸ್ಕೊಂಡಿದ್ದವನು ಹೊಡೆದಿದ್ದು ಅಂತ. ಸೇತುವೆ ಬರೋವರೆಗೂ ಹಿಂದಿನ ಸೀಟಿಂದ ಮಾತಾಡ್ತಾನೇ ಬಂದ. ಅಣ್ಣ, ಓವರ್‌ಟೇಕ್ ಮಾಡ್ಲಿಲ್ಲ.

12ಕ್ಕೆ ಫೈನಲ್, ಶನಿವಾರ. ಇವತ್ತು ರಾತ್ರಿ ಮೋಹನ್ ಬಗಾನ್ ಮನೇಲಿ ಜಮ್ಶೆಡ್‌ಪುರ ಆಡ್ತಿದೆ, ಅದು ಎಕ್ಸ್‌ಟ್ರಾ ಟೈಮಿಗೆ ಹೋಗ್ಲಿ ಅಂತ ಬೇಡ್ಕೊಳ್ತಿದೀನಿ, ಯಾರು ಗೆದ್ರೂ 120 ನಿಮಿಷ ಓಡಿಯೇ ಬರ್ಲಿ. ಫೈನಲ್ ನಮ್ಮ ಮನೆ ಅಂಗಳದಲ್ಲಿ ದೊಡ್ಡ ಪರದೆ ಕಟ್ಟಿ ಹಾಕ್ತೀವಿ, ಅಂಕೋಲಾ ಕುಮಟಾ ಕಡೆಯವರು ಬನ್ನಿ, ಶಿರಸಿ ಅಣ್ಣ ಘಟ್ಟ ಇಳಿದು ಬರೋದಾದ್ರೆ ಉಳಿಯೋಕೆ ಜಾಗ ಇದೆ.