ನೆಲದ ಹೆಲಿಕಾಪ್ಟರ್ ಹಡಗಿನ ಡೆಕ್ಕಿಗೆ: ಮೊದಲು ಏನು ಸರಿಮಾಡಬೇಕು?

ಪ್ರಶ್ನೆ: 2011ರಲ್ಲಿ ಬ್ರಿಟಿಷ್ ಭೂಸೇನೆಯ ಅಪಾಚೆಗಳು ಎಚ್‌ಎಂಎಸ್ ಓಷನ್ ಹಡಗಿನಿಂದ ಲಿಬಿಯಾದ ಮೇಲೆ ಹಾರಿದವು. ಹೀಗೆ ನೆಲಕ್ಕೆಂದೇ ಮಾಡಿದ ಹೆಲಿಕಾಪ್ಟರನ್ನು ಕೆಲವು ವಾರ ಹಡಗಿನಿಂದ ಹಾರಿಸಬೇಕಾದರೆ ಯಾವುದನ್ನು ಬಿಡಲೇಬಾರದು? ಉಪ್ಪು, ತುಕ್ಕಿನ ವಿಷಯ ಗೊತ್ತು. ಅದರಾಚೆಗೆ?

ಉತ್ತರ 1: ಹಾರಾಟಕ್ಕಿಂತ ರೋಟರ್ (ಮೇಲೆ ತಿರುಗುವ ರೆಕ್ಕೆಚಕ್ರ) ಶುರುವಾಗುವ, ನಿಲ್ಲುವ ಹೊತ್ತೇ ಅಪಾಯ. ಪೂರ್ತಿ ವೇಗದಲ್ಲಿ ಕೇಂದ್ರಾಪಗಾಮಿ ಬಲ ಬ್ಲೇಡನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತದೆ. ವೇಗ ಕಾಲು ಭಾಗಕ್ಕಿಳಿದರೆ ಆ ಹಿಡಿತ ಬಹುಪಾಲು ಹೋಗುತ್ತದೆ. ಆಗ ಡೆಕ್ಕಿನ ಅಂಚಿನಿಂದ ಮೇಲಕ್ಕೆ ನುಗ್ಗುವ ಗಾಳಿ ಬ್ಲೇಡನ್ನು ಎತ್ತಿಹಾಕಿದರೆ ಅದು ಬಾಲಕ್ಕೆ ಬಡಿಯುತ್ತದೆ. ಎರಡು ರೋಟರಿನ ಅಮೆರಿಕನ್ ಹೆಲಿಕಾಪ್ಟರ್ ಸಿಎಚ್-46ರಲ್ಲಿ ಒಡಲಿಗೇ ಬಡಿದದ್ದು ಎಷ್ಟೋ ಸಲ. ರೋಟರ್ ಬ್ರೇಕ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಗಾಳಿಯ ದಿಕ್ಕು, ವೇಗದ ಮಿತಿಯನ್ನು ಆ ಹಡಗಿನ ಮೇಲೇ ಪರೀಕ್ಷಿಸಿ ಗೊತ್ತುಮಾಡಿ. ಸುಳಿಗಾಳಿ ಹುಟ್ಟುವುದು ಹಡಗಿನ ಮೇಲ್ಕಟ್ಟಡದ ಆಕಾರದಿಂದ, ಹಾಗಾಗಿ ಬೇರೆ ಹಡಗಿನ ಪಟ್ಟಿ ಇಲ್ಲಿ ನಡೆಯುವುದಿಲ್ಲ.

ಉತ್ತರ 2: ಹೆಲಿಕಾಪ್ಟರನ್ನು ಡೆಕ್ಕಿಗೆ ಕಟ್ಟಿಹಾಕುವುದರಲ್ಲೂ ಎಡವುತ್ತಾರೆ. ನಿಲ್ಲಿಸಿಟ್ಟಾಗ ಚೈನು ಬಿಗಿಯಾಗಿರಲಿ. ರೋಟರ್ ತಿರುಗುವಾಗ ಕೊಂಚ ಸಡಿಲ ಬೇಕು, ಇಲ್ಲದಿದ್ದರೆ ಚಕ್ರದ ಕಾಲುಗಳಿಗೆ ಆಡಲು ಜಾಗವಿಲ್ಲದೆ ಗ್ರೌಂಡ್ ರೆಸೊನೆನ್ಸ್ (ರೋಟರಿನ ಓಲಾಟ, ಒಡಲಿನ ಓಲಾಟ ಒಂದನ್ನೊಂದು ಹೆಚ್ಚಿಸುವುದು) ಹತ್ತಿಕೊಂಡು ಕ್ಷಣಗಳಲ್ಲೇ ಯಂತ್ರ ಛಿದ್ರವಾದೀತು. ಡೆಕ್ ಚಿಕ್ಕದಾದರೆ ಹಿಂಚಕ್ರ ಎಲ್ಲಿಗೆ ಬರುತ್ತದೆಂದು ಅಳೆದು ನೋಡಿ. ಭೂಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರನ್ನು ನೌಕಾಪಡೆಯ ಸೀಹಾಕ್ ಮಾಡಿದಾಗ ಹಿಂಚಕ್ರವನ್ನು ಸುಮಾರು 4 ಮೀಟರ್ ಮುಂದಕ್ಕೆ ತಂದದ್ದು ಇದಕ್ಕೇ.

ಉತ್ತರ 3: ಜಡತ್ವ ಪಥದರ್ಶಕವನ್ನು (ತನ್ನ ಚಲನೆಯನ್ನೇ ಅಳೆದು ದಾರಿ ಲೆಕ್ಕಹಾಕುವ ಉಪಕರಣ) ಮರೆಯಬೇಡಿ. ಅಲುಗದೆ ನಿಂತಿದ್ದೇನೆಂದು ನಂಬಿ ಅದು ದಿಕ್ಕು ಹೊಂದಿಸಿಕೊಳ್ಳುತ್ತದೆ; ತೇಲುವ ಡೆಕ್ಕಿನ ಮೇಲೆ ಲೆಕ್ಕ ತಪ್ಪುತ್ತದೆ. ಚಲಿಸುತ್ತಲೇ ಹೊಂದಿಸಿಕೊಳ್ಳುವ ಸಾಫ್ಟ್‌ವೇರ್ ಬೇಕು. ಹಡಗಿನ ರೇಡಾರ್ ಅಲೆಗಳು ಸಿಡಿಮದ್ದಿನ ಸರ್ಕ್ಯೂಟಿಗೂ ಹೊಕ್ಕು ಅದನ್ನು ಸಿಡಿಸಬಹುದು: ಫ್ಲೇರ್, ರಾಕೆಟ್ ಮಾತ್ರವಲ್ಲ, ಸರಕಿನ ಕೊಕ್ಕೆಯ ತುರ್ತು ಕತ್ತರಿ, ಬೆಂಕಿ ಆರಿಸುವ ಬಾಟಲಿಯ ಕಾರ್ಟ್ರಿಜ್ಜನ್ನೂ ಪರೀಕ್ಷಿಸಿ. ತುಕ್ಕು ಗೊತ್ತೆಂದಿರಿ, ಆದರೂ ಒಂದು ಮಾತು: ಎಂಜಿನ್ನನ್ನು ಸಿಹಿನೀರಿನಲ್ಲಿ ತೊಳೆದು ಹಾಗೇ ಬಿಡಬೇಡಿ, ಓಡಿಸಿ ಒಣಗಿಸಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ದಡದಿಂದ ಬರುವಾಗ ಟ್ಯಾಂಕಿನಲ್ಲಿರುವ ಇಂಧನ ಹಾಗೇ ಇರಬಹುದೇ?

ಉತ್ತರ 3: ಇರಬಾರದು. ದಡದಲ್ಲಿ ಬಳಸುವ ಇಂಧನ ಜೆಪಿ-8ರ ಫ್ಲ್ಯಾಶ್ ಪಾಯಿಂಟ್ (ಆವಿಗೆ ಬೆಂಕಿ ಹತ್ತಬಲ್ಲ ಉಷ್ಣತೆ) ಕನಿಷ್ಠ 38 ಡಿಗ್ರಿ ಸೆಲ್ಸಿಯಸ್. ಹಡಗಿನ ಇಂಧನ ಜೆಪಿ-5ರದು 60. ಮುಚ್ಚಿದ ಹ್ಯಾಂಗರಿನಲ್ಲಿ ಆ ಆವಿಯೇ ಬೆಂಕಿಗೆ ದಾರಿ. ಹಳೆಯದನ್ನು ಎಂಜಿನ್ ಓಡಿಸಿ ಮುಗಿಸಿ ಅಥವಾ ಹೊರತೆಗೆದು, ಜೆಪಿ-5 ತುಂಬಿ, ಮಾದರಿ ತೆಗೆದು ಫ್ಲ್ಯಾಶ್ ಪಾಯಿಂಟ್ ಅಳೆಯಿರಿ. ಅಲ್ಲಿಯವರೆಗೆ ಹೆಲಿಕಾಪ್ಟರ್ ತೆರೆದ ಡೆಕ್ಕಿನಲ್ಲೇ ನಿಲ್ಲಲಿ.