ಬ್ಲೂ ಪಿಲ್‌ನಲ್ಲಿ ಪಿಬಿ3, ಪಿಬಿ4 ಔಟ್‌ಪುಟ್ ಆಗ್ತಾನೇ ಇಲ್ಲ

ಪ್ರಶ್ನೆ
ಎಲ್ರಿಗೂ ನಮಸ್ಕಾರ. ಬ್ಲೂ ಪಿಲ್ ಬೋರ್ಡಲ್ಲಿ (ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್ ಚಿಪ್) ಪಿಬಿ3, 4, 5 ಮೂರು ಪಿನ್ನಿಗೂ ಒಂದೊಂದು ಎಲ್‌ಇಡಿ ಹಾಕಿದೀನಿ, ಹ್ಯಾಲ್ (ರೆಡಿಮೇಡ್ ಲೈಬ್ರರಿ) ಗಿಲ್ ಏನೂ ಬೇಡ ಅಂತ ನೇರ ರಿಜಿಸ್ಟರ್‌ಗೇ ಬರೀತಿದೀನಿ. ಪೋರ್ಟ್ ಬಿ ಕ್ಲಾಕ್ ಆನ್ ಇದೆ, ಸಿಆರ್‌ಎಲ್‌ನಲ್ಲಿ (ಪಿನ್ ಮೋಡ್ ಇಡೋ ರಿಜಿಸ್ಟರ್) ಮೂರಕ್ಕೂ ಪುಶ್-ಪುಲ್ ಔಟ್‌ಪುಟ್, 2 ಮೆಗಾಹರ್ಟ್ಸ್. ಪಿಬಿ5 ಆರಾಮಾಗಿ ಬ್ಲಿಂಕ್ ಆಗ್ತಿದೆ, ಪಿಬಿ3 ಉಸಿರೇ ಇಲ್ಲ, ಪಿಬಿ4 ಎಲ್‌ಇಡಿ ಕಿತ್ತು ಮೀಟರ್ ಇಟ್ರೆ ಯಾವಾಗ್ಲೂ 3.3 ವೋಲ್ಟ್. ಡಿಬಗರ್‌ನಲ್ಲಿ ನೋಡಿದ್ರೆ ಓಡಿಆರ್ (ಔಟ್‌ಪುಟ್ ರಿಜಿಸ್ಟರ್) ಬಿಟ್ ಮಾತ್ರ ಸರಿಯಾಗಿ 0, 1 ಆಗ್ತಿದೆ. ಚಿಪ್ಪೇ ಹೋಯ್ತಾ?

ಉತ್ತರ 1
ಚಿಪ್ಪಿಗೆ ಏನೂ ಆಗಿಲ್ಲ ಗುರು. ರೀಸೆಟ್ ಆದ್ಮೇಲೆ ಪಿಎ13, 14, 15, ಪಿಬಿ3, ಪಿಬಿ4 ಐದೂ ಜೆಟ್ಯಾಗ್ (ಚಿಪ್ ಡಿಬಗ್ ಮಾಡೋ ಇಂಟರ್‌ಫೇಸ್) ಕೈಲಿರ್ತವೆ, ನೀನು ಸಿಆರ್‌ಎಲ್‌ನಲ್ಲಿ ಏನೇ ಬರಿ ಅದು ಬಿಟ್ಕೊಡಲ್ಲ. ಪಿಬಿ4 ಜೆಟ್ಯಾಗ್ ರೀಸೆಟ್ ಪಿನ್ನು, ಒಳಗೇ ಪುಲ್-ಅಪ್ (ಪಿನ್ನನ್ನ ಹೈ ಕಡೆ ಎಳೆಯೋ ರೆಸಿಸ್ಟರ್) ಇದೆ, ಆ 3.3 ಬರ್ತಿರೋದು ಅಲ್ಲಿಂದ. ಮೊದ್ಲು ಎಪಿಬಿ2ಇಎನ್‌ಆರ್‌ನಲ್ಲಿ (ಕ್ಲಾಕ್ ಆನ್ ಮಾಡೋ ರಿಜಿಸ್ಟರ್) ಬಿಟ್ 0 ಸೆಟ್ ಮಾಡಿ ಎಎಫ್‌ಐಒಗೆ (ಪಿನ್ ಕೆಲಸ ಬದಲಿಸೋ ಭಾಗ) ಕ್ಲಾಕ್ ಕೊಡು, ಇಲ್ಲಾಂದ್ರೆ ಮುಂದೆ ಬರೆಯೋದು ನಿಲ್ಲಲ್ಲ, ಆಮೇಲೆ ಎಎಫ್‌ಐಒ ಎಂಎಪಿಆರ್ ರಿಜಿಸ್ಟರ್‌ನಲ್ಲಿ 26ರಿಂದ 24ನೇ ಬಿಟ್‌ಗೆ 010 ಹಾಕು. ಜೆಟ್ಯಾಗ್ ಹೋಗುತ್ತೆ, ಎಸ್‌ಡಬ್ಲ್ಯೂಡಿ (ಎರಡು ವೈರಿನ ಡಿಬಗ್ ಇಂಟರ್‌ಫೇಸ್) ಉಳಿಯುತ್ತೆ. ಅಪ್ಪಿತಪ್ಪಿ 100 ಹಾಕ್ಬೇಡ, ಎರಡೂ ಹೋಗಿ ಎಸ್‌ಟಿ-ಲಿಂಕ್ ಡಿಬಗರ್ ಕನೆಕ್ಟೇ ಆಗಲ್ಲ, ಆಗ ಬೂಟ್0 ಪಿನ್ ಹೈ ಮಾಡಿ ಎಬ್ಬಿಸ್ಬೇಕು.

ಉತ್ತರ 2
ಮೇಲಿನವರು ಹೇಳಿದ್ದು ಸರಿ. ಜೊತೆಗೆ ಇನ್ನೊಂದು, ಆ ಮೂರು ಬಿಟ್ ಬರೆಯೋಕೆ ಮಾತ್ರ, ಓದಿದ್ರೆ ಏನು ಬರುತ್ತೋ ಭರವಸೆ ಇಲ್ಲ. ಮುಂದೆ ಟೈಮರ್ ರೀಮ್ಯಾಪ್‌ಗೆ ಅಂತ ಅದೇ ರಿಜಿಸ್ಟರ್ ಓದಿ ಆರ್ (OR) ಮಾಡಿ ವಾಪಸ್ ಬರೆದ್ರೆ ಈ ಸೆಟ್ಟಿಂಗ್ ಕೆಡಬಹುದು, ಪ್ರತಿ ಸಲ ಆ ಮೂರು ಬಿಟ್ ಅಳಿಸಿ 010 ಸೇರಿಸಿಯೇ ಬರೀರಿ. ಕ್ಯೂಬ್‌ಎಂಎಕ್ಸ್ (ಸೆಟಪ್ ಕೋಡ್ ತಾನೇ ಬರೆದುಕೊಡೋ ಟೂಲ್) ಬಳಸೋರಿಗೆ ಈ ತಲೆನೋವಿಲ್ಲ, ಡಿಬಗ್ ಅಂತಿರೋ ಕಡೆ ಸೀರಿಯಲ್ ವೈರ್ (ಅಂದ್ರೆ ಎಸ್‌ಡಬ್ಲ್ಯೂಡಿ) ಆರಿಸಿದ್ರೆ ಆಯ್ತು.

ಪ್ರಶ್ನೆ ಕೇಳಿದವರು
ಸೂಪರ್, ಮೂರೂ ಬ್ಲಿಂಕ್ ಆಗ್ತಿವೆ! ಈಗ ಪಿಬಿ4ರಿಂದ ಲಾಜಿಕ್ ಲೆವೆಲ್ ಮಾಸ್‌ಫೆಟ್ (ಕಮ್ಮಿ ವೋಲ್ಟೇಜಿಗೇ ಆನ್ ಆಗೋ ಟ್ರಾನ್ಸಿಸ್ಟರ್ ಸ್ವಿಚ್) ಗೇಟ್‌ಗೆ ಕೊಟ್ಟು ಪುಟ್ಟ ಪಂಪ್ ಓಡಿಸ್ತಿದೀನಿ, ಪವರ್ ಕೊಟ್ಟ ತಕ್ಷಣ ಒಂದು ಸಲ ಜರ್ಕ್ ಹೊಡೀತಿದೆ ಯಾಕೆ?

ಉತ್ತರ 1
ಅದೇ ಪುಲ್-ಅಪ್ ಕಣಪ್ಪ. ನಿನ್ನ ಕೋಡ್ ಬಂದು ಪಿನ್ ಹಿಡಿಯೋವರೆಗೂ ಸುಮಾರು 40 ಕಿಲೋ ಓಮ್ ಅದನ್ನ ಮೇಲಕ್ಕೆ ಎಳೀತಿರುತ್ತೆ, ಗೇಟ್‌ಗೆ ಅಷ್ಟೇ ಸಾಕು. ಗೇಟಿಂದ ಗ್ರೌಂಡ್‌ಗೆ 10 ಕೆ ಹಾಕು, 0.66 ವೋಲ್ಟ್ ಆಸುಪಾಸಿಗೆ ಇಳಿಯುತ್ತೆ. ನನ್ನ ಕೇಳಿದ್ರೆ ಪಂಪನ್ನ ಪಿಬಿ5ಕ್ಕೆ ಹಾಕಿ ಎಲ್‌ಇಡಿನ ಪಿಬಿ4ಕ್ಕೆ ಕಳಿಸು, ಹಾಗೆ ಮಾಡಿದ್ರೂ ಆ 10 ಕೆ ಮಾತ್ರ ತೆಗೀಬೇಡ, ಪಿಬಿ5 ಆ ಹೊತ್ತಲ್ಲಿ ಫ್ಲೋಟಿಂಗ್ (ಹೈಗೂ ಇಲ್ಲ, ಲೋಗೂ ಇಲ್ಲ) ಇರುತ್ತೆ.